ಬಾಜೂ ಮನಿ ಸ್ನೋಮೊಬೈಲು, ನನ್ನ ಸಂತಿ ಲೆಕ್ಕ

ಮಗಳ ಊರಿಂದ ಬಂದು ಎರಡು ತಿಂಗಳಾತು. ಇನ್ನೂ ಸಿಕ್ಕ ಸಿಕ್ಕವರು ನನ್ನ ಫೋನಿನಾಗಿನ ಅದೊಂದ ಫೋಟೋ ತಗಸಿ ನೋಡ್ತಾರ. ಮೂಗಿನ ತುದಿ ಒಂದು ಬಿಟ್ಟು ಎಲ್ಲಾ ಮುಚ್ಚಿಕೊಂಡು, ನಾನು ಸ್ನೋಮೊಬೈಲ್ ಬಾಜೂಕ ನಿಂತ ಫೋಟೋ. "ಮನಾಲಿಗೆ ಹೋದಾಗ ನಾವೂ ಬರ್ಫದ ಮ್ಯಾಲೆ ಒಂದು ರೌಂಡ್ ಹೊಡದೇವಿ, ಭಾರಿ ಮಜಾ ಬರ್ತದ ಅಲ್ರೀ?" ಅಂತ ಮೊನ್ನೆ ಭಜನಿ ಮಂಡಳಿಯೊಳಗ ಒಬ್ರು ಕೇಳಿದ್ರು. ನಾನೂ ಹೂಂ ಅಂದುಬಿಟ್ಟೆ. ಮನಿಗೆ ಬಂದು ಕೂತ್ರ ಸಮಾಧಾನ ಆಗವಲ್ದು. ಹೂಂ ಅನ್ನಬಾರದಿತ್ತು. ಅದಕ್ಕ ಇವತ್ತು ಬರೀಲಿಕ್ಕೆ ಕೂತೀನಿ.

ಮಗಳು ಅಳಿಯಾ ಇರೋದು ಕೆನಡಾದ ಉತ್ತರದಾಗ, ಬ್ಯಾಫಿನ್ ಅನ್ನೋ ದೊಡ್ಡ ದ್ವೀಪದಾಗಿನ ಇಕಾಲುಯಿಟ್ ಅನ್ನೋ ಊರಾಗ. ಹೆಸರಿನ ಅರ್ಥ ಮೀನು ಭಾಳ ಇರೋ ಜಾಗ ಅಂತ. 1999ರ ಏಪ್ರಿಲ್ 1ಕ್ಕ ನುನಾವುಟ್ ಅಂತ ಬ್ಯಾರೆ ಪ್ರಾಂತ್ಯ ಆತು, ಅದಕ್ಕ ಇದ ರಾಜಧಾನಿ. ರಾಜಧಾನಿ ಅಂದ್ರ ದೊಡ್ಡದು ಅನ್ಕೋಬ್ಯಾಡ್ರಿ, ಜನ ಏಳೂವರೆ ಸಾವಿರದ ಆಸುಪಾಸು. ನಮ್ಮ ಕಡೆ ಒಂದು ದೊಡ್ಡ ಹಳ್ಳಿ ಇದ್ದಂಗ. ಇಡೀ ನುನಾವುಟ್‌ನಾಗ ಇರೋದು 25 ಊರು, ಒಂದು ಊರಿಂದ ಇನ್ನೊಂದು ಊರಿಗೆ ರಸ್ತೆ ಇಲ್ಲ. ದಕ್ಷಿಣದಿಂದ ಬರೋದಕ್ಕೂ ರಸ್ತೆ ಇಲ್ಲ, ರೈಲಿಲ್ಲ. ಒಟ್ಟಾವಾದಿಂದ ಮೂರು ತಾಸು ವಿಮಾನದಾಗ ಬರಬೇಕು. ಒಂದು ಗಿಡ ಕಣ್ಣಿಗೆ ಬೀಳೂದಿಲ್ಲ. ನಾ ಹೋದದ್ದು ಫೆಬ್ರವರಿಯೊಳಗ. ಮೈನಸ್ 28 ಇದ್ದ ದಿನ ಮಗಳು "ಇವತ್ತು ಗಾಳಿ ಇಲ್ಲವ್ವಾ, ಹವಾ ಛಲೋ ಅದ, ಅಂಗಡಿಗೆ ಹೋಗೂಣು ನಡಿ" ಅಂದ್ಲು.

ಆ ಅಂಗಡಿಯೊಳಗ ನನ್ನ ಜೀವ ಝಲ್ ಅಂತು ನೋಡ್ರಿ. ಒಂದು ಹೂಗೋಬಿ, ಅದೂ ಅಂಚಿಗೆ ಕಪ್ಪಾಗಿದ್ದು, ಹತ್ತು ಡಾಲರ್ ಹತ್ರ. ಒಂದು ಡಾಲರಿಗೆ 60 ರೂಪಾಯಿ ಹಿಡದ್ರೂ 600 ರೂಪಾಯಿ! ನಾ ಅದನ್ನ ಕೈಯಾಗ ಹಿಡಕೊಂಡು ಮತ್ತ ಅಲ್ಲೇ ಇಟ್ಟೆ. ಮಗಳು ತಗೊಂಡು ಚೀಲದಾಗ ಹಾಕಿದ್ಲು. "ರೂಪಾಯಿ ಲೆಕ್ಕ ಹಾಕಿದ್ರ ಇಲ್ಲಿ ಉಪವಾಸ ಬೀಳ್ತಿ ಅವ್ವಾ" ಅಂದ್ಲು. ಇದು ಸರಕಾರ ಸಬ್ಸಿಡಿ ಕೊಟ್ಟ ಮ್ಯಾಲಿನ ರೇಟಂತ. 2011ರಿಂದ ನ್ಯೂಟ್ರಿಷನ್ ನಾರ್ತ್ ಅನ್ನೋ ಯೋಜನಾ ಅದ, ಹಾಲು, ಕಾಯಿಪಲ್ಲೆ, ಹಿಟ್ಟು ಇಂಥಾವಕ್ಕ ವಿಮಾನದ ಬಾಡಿಗಿಯೊಳಗ ಪಾಲು ಕೊಡ್ತಾರ. ಅಷ್ಟು ಕೊಟ್ರೂ ಹಿಂಗ. 2012ರಾಗ ಅಲ್ಲಿನ ಹೆಣ್ಮಕ್ಕಳು ಅಂಗಡಿ ರೇಟಿನ ಚೀಟಿ ಫೋಟೋ ತಗದು ಫೇಸ್‌ಬುಕ್ಕಿಗೆ ಹಾಕಿ, ಫಲಕ ಹಿಡಕೊಂಡು ಅಂಗಡಿ ಮುಂದ ನಿಂತಿದ್ರಂತ. ಅದನ್ನ ಸುರು ಮಾಡಿದಾಕಿ ಲೀಸೀ ಪಪಾಟ್ಸಿ ಅನ್ನೋ ಇಕಾಲುಯಿಟ್‌ನ ಹೆಣ್ಮಗಳು. ಆವಾಗ 28 ಡಾಲರಿನ ಒಂದು ಕ್ಯಾಬೇಜಿನ ಫೋಟೋ ಕೆನಡಾದ ತುಂಬ ಓಡಾಡಿತ್ತು.

ಯಾಕಿಷ್ಟು ತುಟ್ಟಿ ಅಂತ ನಾನೂ ಕೇಳಿದೆ. ಮನಿ ನಡಸೋರಿಗೆ ತಿಳಿಯೋ ಕಾರಣಾನ ಅವು. ತಾಜಾ ಸಾಮಾನು ಎಲ್ಲಾ ವಿಮಾನದಾಗ ಬರಬೇಕು. ಕರೆಂಟು ಮಾಡೋದು ಡೀಸೆಲ್ ಸುಟ್ಟು, ಆ ಡೀಸೆಲ್ಲೂ ಹೊರಗಿಂದ ಹಡಗಿನ್ಯಾಗ ಬರಬೇಕು. ನೆಲದೊಳಗಿನ ಮಣ್ಣು ವರ್ಷಪೂರ್ತಿ ಹೆಪ್ಪುಗಟ್ಟಿರ್ತದ, ಮನಿ ಬಿಸಿಗೆ ಅದು ಕರಗಿದ್ರ ಮನಿ ಕುಸೀತದ ಅಂತ ಕಂಬದ ಮ್ಯಾಲೆ ಮನಿ ಕಟ್ಟತಾರ. ಭಾಳಷ್ಟು ಮನಿಗಳಿಗೆ ನೀರು ಟ್ಯಾಂಕರಿನ್ಯಾಗ, ಹೊಲಸು ನೀರು ಒಯ್ಯಲಿಕ್ಕೂ ಇನ್ನೊಂದು ಟ್ಯಾಂಕರು.

ಬ್ಯಾಸಿಗ್ಯಾಗ ಸಮುದ್ರ ಕರಗಿದಾಗ, ಜುಲೈದಿಂದ ಅಕ್ಟೋಬರ್ ತನಕ, ಹಡಗು ಬರ್ತಾವ. ಆವಾಗ ನನ್ನ ಮಗಳು ವರ್ಷದ ಅಕ್ಕಿ, ಬ್ಯಾಳಿ, ಹಿಟ್ಟು, ಎಣ್ಣಿ ಎಲ್ಲಾ ಒಂದ ಸಲ ತರಸ್ತಾಳ. ವಿಮಾನಕ್ಕಿಂತ ಭಾಳ ಸೋವಿ. ಇದು ಮಾತ್ರ ನನಗ ಹೊಸಾದು ಅನ್ನಿಸ್ಲಿಲ್ಲ. ನಮ್ಮ ತವರುಮನ್ಯಾಗ ಹಗೇವಿನ್ಯಾಗ ವರ್ಷದ ಜ್ವಾಳ ಇಳಸ್ತಿದ್ರಲ್ಲ, ಹಂಗ. ಆದ್ರ ವರ್ಷದ ಸಾಮಾನು ಒಮ್ಮೆ ತರಸಬೇಕಂದ್ರ ಅಷ್ಟು ರೊಕ್ಕ ಒಮ್ಮೆ ಕೈಯಾಗ ಇರಬೇಕು. ಸರಕಾರಿ ನೌಕರಿ ಇದ್ದವರಿಗೆ ಅದು ಆಗ್ತದ. ವಾರದ ರೊಕ್ಕ ವಾರಕ್ಕ ಮುಗಿಯೋರು ಹತ್ತು ಡಾಲರಿನ ಹೂಗೋಬಿ ಮುಂದ ನಿಲ್ಲಬೇಕು. ಬಡವರಿಗೇ ತುಟ್ಟಿ ಬೀಳ್ತದ, ಎಲ್ಲಾ ಕಡೆ ಹಿಂಗ.

ಈಗ ಬಾಜೂ ಮನಿ ವಿಷಯಕ್ಕ ಬರ್ತೀನಿ. ಅಲ್ಲೆ ಒಬ್ಬಾಕಿ ಇನ್ಯೂಟ್ ಅಜ್ಜಿ, ಇಬ್ರು ಗಂಡುಮಕ್ಕಳು, ಒಬ್ಬಾಕಿ ಸೊಸಿ, ಮೊಮ್ಮಕ್ಕಳು. ಅವರ ಅಂಗಳದಾಗ ಮೂರು ಸ್ನೋಮೊಬೈಲ್ ನಿಂತಿರ್ತಿದ್ವು. ಮುಂದ ಎರಡು ಹಲಗಿ, ಹಿಂದ ಟ್ಯಾಂಕಿನಂಗ ತಿರುಗೋ ರಬ್ಬರಿನ ಪಟ್ಟಿ, ನಡುವ ಬೈಕಿನಂಥಾ ಸೀಟು. ಹೊಸಾದು ಒಂದಕ್ಕ ಹದಿನೈದು ಸಾವಿರ ಡಾಲರ್ ದಾಟ್ತದ ಅಂತ ಅಳಿಯಾ ಹೇಳಿದ್ರು. ಅವರ ಮನಿ ಸಣ್ಣ ಹುಡುಗಿ ನನ್ನ ಮೊಮ್ಮಗನ ಜೋಡಿ ಆಡಲಿಕ್ಕೆ ಬರ್ತಿತ್ತು. ಒಂದಿನ ಚಪಾತಿಗೆ ಬೆಲ್ಲ ತುಪ್ಪ ಹಚ್ಚಿ ಕೊಟ್ಟೆ. ಒಂದು ತಿಂತು, ಎರಡು ತಿಂತು, ಐದನೇದು ಕೇಳ್ತು. ಹಸದಿತ್ತು ಕೂಸು. ಅದು ಹೋದ ಮ್ಯಾಲೆ ನಾ ಕಿಟಕ್ಯಾಗ ನಿಂತು ಅಂದೆ, "ಮನ್ಯಾಗ ಕೂಸಿಗೆ ಊಟಿಲ್ಲ, ಅಂಗಳದಾಗ ಮೂರು ಮೂರು ಗಾಡಿ. ಇಂಥಾ ತುಟ್ಟಿ ಊರಾಗ ಇಂಥಾ ಶೋಕಿ ಯಾಕ ಬೇಕು?"

ಮಗಳು ಭಾಂಡಿ ತೊಳಿಯೋದು ನಿಲ್ಲಿಸಿ ನನ್ನ ಕಡೆ ನೋಡಿದ್ಲು. "ಅವ್ವಾ, ಅದರಾಗ ಎರಡು ಸತ್ತಾವ. ಬಿಡಿ ಭಾಗಕ್ಕಂತ ಇಟ್ಕೊಂಡಾರ. ಓಡೂದು ಒಂದ. ಅದೂ ಕೆಟ್ಟು ಎರಡು ವಾರಾತು. ಅದಕ್ಕ ಕೂಸು ಹಸದದ್ದು."

ನನಗ ಆವಾಗ ಪೂರಾ ತಿಳೀಲಿಲ್ಲ. ಮರುದಿನ ಒಂದು ಡಬ್ಬಿ ತುಂಬ ಚಪಾತಿ ಮಾಡ್ಕೊಂಡು ಅಜ್ಜಿ ಮನಿಗೆ ಹೋದೆ. ಆಕೀದೂ ಅರ್ಧಾಮರ್ಧ ಇಂಗ್ಲೀಷು, ನಂದೂ ಪಿಯುಸಿ ಇಂಗ್ಲೀಷು. ಆದ್ರ ಅಡಗಿ, ಮಕ್ಕಳು, ರೊಕ್ಕ, ಈ ಮೂರು ವಿಷಯಕ್ಕ ಅಷ್ಟು ಸಾಕು. ಆಕಿ ಸೀಲಿನ ಚರ್ಮದ ಬೂಟು ಹೊಲಿಕೋತ ಹೇಳಿದ್ಲು, ನಾ ಮನಿಗೆ ಬಂದು ನನ್ನ ಖರ್ಚಿನ ವಹಿಯೊಳಗ ಬರಕೊಂಡೆ.

ಅವರ ಊಟ ಅಂದ್ರ ಸೀಲ್, ಚಾರ್ ಮೀನು, ಕ್ಯಾರಿಬೂ ಅನ್ನೋ ಜಿಂಕಿ. ಬ್ಯಾಫಿನ್‌ದಾಗ ಕ್ಯಾರಿಬೂ ಭಾಳ ಕಡಿಮಿ ಆದ್ವು ಅಂತ 2015ರಿಂದ ಬೇಟೆಗೆ ಕಟ್ಟುನಿಟ್ಟು ಮಾಡ್ಯಾರ, ಹಿಂಗಾಗಿ ಸೀಲೇ ಆಧಾರ. ಸೀಲು ಬರ್ಫದಾಗ ಉಸಿರಾಡಲಿಕ್ಕೆ ತೂತು ಮಾಡ್ಕೊಂಡಿರ್ತದ. ಅಂಥಾ ತೂತಿಗೋ, ಗಟ್ಟಿ ಬರ್ಫ ಮುಗದು ನೀರು ಸುರು ಆಗೋ ಅಂಚಿಗೋ ಹೋಗಬೇಕು. ದೂರ. ಹೋಗಿ ಬರಲಿಕ್ಕೆ 100 ಲೀಟರ್ ಪೆಟ್ರೋಲ್ ಹಿಡೀರಿ, ಲೀಟರಿಗೆ ಒಂದೂವರೆ ಡಾಲರ್. ಎಂಜಿನ್ ಆಯಿಲ್, ಗುಂಡು, ದಾರಿ ಬುತ್ತಿ ಸೇರಿ 200 ಡಾಲರ್ ಮ್ಯಾಲೆ. ಒಂದು ಸೀಲಿನ್ಯಾಗ 20 ಕಿಲೋ ಮಾಂಸಕ್ಕೇನು ಕಮ್ಮಿ ಇಲ್ಲ. ಅಷ್ಟು ಮಾಂಸ ಅಂಗಡ್ಯಾಗ ತಂದ್ರ ಇದರ ದುಪ್ಪಟ್ಟು ಆಗ್ತದ. ಅಂದ್ರ ಒಂದು ಸೀಲ್ ಸಿಕ್ರೂ ಗೆದ್ದಂಗ. ಗಾಡಿ ಶೋಕಿ ಅಂತ ನಾ ತಿಳಕೊಂಡಿದ್ದೆ. ಅದು ಅವರ ಸಂತಿ ಚೀಲ.

ಆದ್ರ ಲೆಕ್ಕ ಅಲ್ಲಿಗೆ ಮುಗಿಲಿಲ್ಲ. ಸೀಲ್ ತಂದ ದಿನ ಅದನ್ನ ಮಾರೂದಿಲ್ಲ, ಹಂಚ್ತಾರ. ಮುದುಕರಿಗೆ ಮೊದಲು, ಆಮ್ಯಾಲೆ ಬಳಗಕ್ಕ. ಹಂಗಾಗಿ ಪೆಟ್ರೋಲಿಗೆ ಹಾಕಿದ ರೊಕ್ಕ ಮಾಂಸ ಆಗ್ತದ, ಮಾಂಸ ತಿರುಗಿ ರೊಕ್ಕ ಆಗೂದಿಲ್ಲ. ಮೊದಲು ಸೀಲಿನ ಚರ್ಮ ಮಾರಿ ಪೆಟ್ರೋಲು, ಗುಂಡು ತರ್ತಿದ್ರಂತ. 1983ರಾಗ ಯುರೋಪಿನವರು ಸೀಲಿನ ಮರಿ ಚರ್ಮ ತರಬಾರದು ಅಂತ ನಿಷೇಧ ಹಾಕಿದ್ರು. ಇನ್ಯೂಟರು ಹೊಡಿಯೋದು ಆ ಮರಿಗಳನ್ನ ಅಲ್ಲ, ಅವರಿಗೆ ರಿಯಾಯಿತಿ ಅಂತ ಕಾಗದದ ಮ್ಯಾಲೂ ಇತ್ತು. ಆದ್ರ ಕೊಳ್ಳೋರು ಎಲ್ಲಾ ಚರ್ಮಾನೂ ಬಿಟ್ರು, ರೇಟು ಬಿದ್ದು ಹೋತು. ಈಗ ಅಜ್ಜಿಯ ಹಿರೇ ಮಗ ಟ್ರಕ್ ಓಡಸ್ತಾನ, ಅವನ ಪಗಾರದಾಗ ಪೆಟ್ರೋಲ್ ಬರ್ತದ, ಆದ್ರ ಬೇಟೆಗೆ ಹೋಗಲಿಕ್ಕೆ ಅವನಿಗೆ ರಜಾ ಇಲ್ಲ. ಸಣ್ಣವನಿಗೆ ನೌಕರಿ ಇಲ್ಲ, ಅವ ಹೋಗ್ತಾನ. ರೊಕ್ಕ ಇದ್ದವಗ ವ್ಯಾಳ್ಯಾ ಇಲ್ಲ, ವ್ಯಾಳ್ಯಾ ಇದ್ದವಗ ರೊಕ್ಕಿಲ್ಲ. ಇಬ್ರೂ ಕೂಡಿದ್ರ ಒಂದು ಮನಿ ಊಟ. 2007-08ರ ಆರೋಗ್ಯ ಸಮೀಕ್ಷೆಯೊಳಗ ನುನಾವುಟ್‌ನ ಇನ್ಯೂಟ್ ಮನಿಗಳಾಗ ಹತ್ತರಾಗ ಸುಮಾರು ಏಳಕ್ಕ ಊಟದ ಭರವಸಿ ಇಲ್ಲ ಅಂತ ಬಂದಿತ್ತು. ಎಂಜಿನ್ ಕೆಟ್ರ ಬಿಡಿ ಭಾಗ ವಿಮಾನದಾಗ ಬರಬೇಕು, ಅಲ್ಲಿತನಕ ಡಬ್ಬಿ ಊಟ.

"ಮೊದಲು ನಾಯಿ ಬಂಡಿ ಇತ್ತಲ್ಲ?" ಅಂದೆ. ಅಜ್ಜಿ ಸೂಜಿ ನಿಲ್ಲಿಸಿದ್ಲು. ಆಕಿ ಸಣ್ಣಾಕಿ ಇದ್ದಾಗ ಅವರಪ್ಪನ ಹತ್ರ ನಾಯಿ ಹಿಂಡು ಇತ್ತಂತ. 1950ರಿಂದ 70ರ ಹೊತ್ತಿಗೆ, ಜನರನ್ನ ಊರೊಳಗ ತಂದು ಕೂಡಿಸಿ, ಮಕ್ಕಳನ್ನ ಸಾಲಿಗೆ ಹಾಕೋ ಕಾಲದಾಗ, ಪೊಲೀಸರು ಮತ್ತ ಬ್ಯಾರೆ ಅಧಿಕಾರಿಗಳು ಎಷ್ಟೋ ನಾಯಿಗಳನ್ನ ಗುಂಡು ಹಾಕಿ ಕೊಂದ್ರು. ಇನ್ಯೂಟರು ತಾವೇ ಕಮಿಷನ್ ಮಾಡಿ ಇದನ್ನೆಲ್ಲಾ ಬರಸಿದ್ರು, 2019ರ ಆಗಸ್ಟಿನ್ಯಾಗ ಕೆನಡಾ ಸರಕಾರ ಇಕಾಲುಯಿಟ್‌ಗೆ ಬಂದು ಕ್ಷಮಾ ಕೇಳ್ತು. "ನಾಯಿ ನಮ್ಮ ಸೀಲ್ ತಿಂದು ನಮ್ಮನ್ನ ಸೀಲಿನ ಹತ್ರ ಒಯ್ಯತಿತ್ತು. ಗಾಡಿ ರೊಕ್ಕ ತಿಂತದ" ಅಂದ್ಲು.

ಆ ಮಾತು ಕೇಳಿ ನನಗ ನಮ್ಮಪ್ಪನ ನೆನಪಾತು. ನಾ ಸಾಲಿಗೆ ಹೋಗೋವಾಗ ನಮ್ಮನ್ಯಾಗ ಒಂದು ಜೋಡಿ ಎತ್ತು ಇದ್ವು. ನಮ್ಮ ಹೊಲದ ಕಣಕಿ ತಿಂದು ನಮ್ಮ ಹೊಲ ಹೂಡ್ತಿದ್ವು, ಸಗಣಿ ಗೊಬ್ಬರಾಗ್ತಿತ್ತು. ಅವನ್ನ ಮಾರಿ ಟ್ರ್ಯಾಕ್ಟರ್ ಬಾಡಿಗಿ ಹಚ್ಚಿದ ಮ್ಯಾಲೆ ಕೆಲಸ ಲಗೂನ ಆಗ್ತಿತ್ತು ಖರೆ, ಆದ್ರ ಹಂಗಾಮಿನ್ಯಾಗ ಮೊದಲು ಡೀಸೆಲ್ಲಿಗೆ ರೊಕ್ಕ ಹೊಂದಿಸಬೇಕಾತು. ನಮ್ಮವ್ವ ತನ್ನ ಬಿಲ್ವಾರ ಒತ್ತಿ ಇಟ್ಟದ್ದು ಆ ವರ್ಷಾನ. ಆವಾಗ ಓಣ್ಯಾಗಿನವರು ಅಂದಿದ್ರು, "ಕೈಯಾಗ ರೊಕ್ಕಿಲ್ಲ, ಟ್ರ್ಯಾಕ್ಟರ್ ಶೋಕಿ ಬೇಕಾಗೇದ" ಅಂತ. ನಮ್ಮವ್ವ ಅದನ್ನ ಸಾಯೋತನಕ ಮರೀಲಿಲ್ಲ. ಅದ ಶಬ್ದ ನಾನು ಆ ಕಿಟಕ್ಯಾಗ ನಿಂತು ಅಂದಿದ್ದೆ. ಕನ್ನಡದಾಗ ಅಂದಿದ್ದೆ, ಅವರಿಗೆ ತಿಳೀಲಿಲ್ಲ. ನನಗ ತಿಳಿದಿತ್ತಲ್ಲ.

ಈ ಗಾಡಿ ಹುಟ್ಟಿದ ಕಥಿಯೂ ಶೋಕಿದಲ್ಲ. ಅಳಿಯಾ ಹೇಳಿದ್ರು, ಕ್ವಿಬೆಕ್‌ನ ವಾಲ್‌ಕೋರ್ ಅನ್ನೋ ಊರಾಗ ಜೋಸೆಫ್ ಅರ್ಮಾಂಡ್ ಬಾಂಬಾರ್ಡಿಯೇ ಅನ್ನೋ ಮೆಕ್ಯಾನಿಕ್ ಇದ್ದ. 1934ರ ಚಳಿಗಾಲದಾಗ ಅವನ ಎರಡು ವರ್ಷದ ಮಗಗ ಹೊಟ್ಟಿ ಬ್ಯಾನಿ ಜೋರಾತು. ದಾರಿ ತುಂಬ ಬರ್ಫ, ದವಾಖಾನಿಗೆ ಒಯ್ಯಲಿಕ್ಕಾಗಲಿಲ್ಲ, ಕೂಸು ಹೋತು. 1937ರ ಹೊತ್ತಿಗೆ ಅವ ಬರ್ಫದ ಮ್ಯಾಲೆ ಓಡೋ ಬಸ್ಸಿನಂಥಾ ಗಾಡಿ ಮಾಡಿದ. ಒಬ್ಬಿಬ್ರು ಕೂಡೋ ಸಣ್ಣ ಸ್ಕಿ-ಡೂ ಬಂದದ್ದು 1959ರಾಗ. ಇನ್ಯೂಟರು ಆ ಹೆಸರನ್ನ ತಮ್ಮ ಬಾಯಿಗೆ ಹೊಂದಿಸಿಕೊಂಡು ಸ್ನೋಮೊಬೈಲಿಗೆ "ಸಿಕಿಟೂಕ್" ಅಂತಾರ.

ಮಾರ್ಚ್ ನಡುವ ವಿಮಾನದಾಗ ಪಿಸ್ಟನ್ ಬಂತು. ಬಿಲ್ಲಿನ್ಯಾಗ ಅರ್ಧ ಅಳಿಯಾ ಕೊಟ್ರು, ಅರ್ಧ ನಾ ಕೊಟ್ಟೆ, ಊರಿಗೆ ಸಾಮಾನು ಒಯ್ಯಲಿಕ್ಕೆ ಇಟ್ಟ ರೊಕ್ಕದಾಗ. ಯಾಕ ಕೊಟ್ಟೆ ಅಂತ ಅಜ್ಜಿಗೆ ಹೇಳಲಿಲ್ಲ, ಆಕಿಯೂ ಕೇಳಲಿಲ್ಲ. ಮುಂದಿನ ಭಾನುವಾರ ನನ್ನ ಕೈ ಹಿಡದು ಜಗ್ಗಿಕೊಂಡು ಹೋಗಿ ಗಾಡಿ ಹಿಂದಿನ ಕಮುಟೀಕ್ ಮ್ಯಾಲೆ ಕೂಡಿಸಿದ್ಲು. ಅದು ಕಟ್ಟಿಗಿ ಜಾರುಬಂಡಿ, ಮೊಳಿ ಹೊಡಿಯೂದಿಲ್ಲ, ಹಲಗಿ ಎಲ್ಲಾ ಹಗ್ಗದಿಂದ ಬಿಗದಿರ್ತಾರ, ಅದಕ್ಕ ಉಬ್ಬುತಗ್ಗಿನ್ಯಾಗ ಮುರಿಯದ ಬಾಗ್ತದ. ಕ್ಯಾರಿಬೂ ಚರ್ಮ ಹಾಸಿ, ಹೊಚ್ಚಿ, ಆಕಿ ನನ್ನ ಬಾಜೂಕ ಕೂತ್ಲು. ಗಾಡಿ ಹೊಂಟ್ತು. ಕೆಳಗ ಸಮುದ್ರ ಅನ್ನೋದು ನೆನಪಾಗಿ ನಾ ರಾಯರ ಹೆಸರು ಹೇಳ್ಕೋತ ಕಣ್ಣು ಮುಚ್ಚಿದೆ. ಆಕಿ ನಕ್ಕು ನಕ್ಕು ಸುಸ್ತಾದ್ಲು. ಆ ಫೋಟೋ ಆ ದಿನದ್ದು.

ಎರಡು ದಿನ ಆದ ಮ್ಯಾಲೆ ಸಣ್ಣ ಮಗ ಎರಡು ಸೀಲ್ ತಂದ. ಅವರ ಅಡಗಿ ಮನಿ ನೆಲದ ಮ್ಯಾಲೆ ರಟ್ಟು ಹಾಸಿ ಎಲ್ಲಾರೂ ಸುತ್ತ ಕೂತಿದ್ರು. ಭಾಂಡಿ ಹಿಡಕೊಂಡು ಮಂದಿ ಬರ್ತಿದ್ರು, ಹೋಗ್ತಿದ್ರು. ನಾವು ತಿನ್ನೂದಿಲ್ಲ ಅಂತ ಅಜ್ಜಿಗೆ ಗೊತ್ತು, ನನಗ ಚಾ ಕೊಟ್ಲು. ನಾ ಬಾಗಲ ಹತ್ರ ಸ್ಟೂಲಿನ ಮ್ಯಾಲೆ ಕೂತಿದ್ದೆ. ಖರೆ ಹೇಳ್ತೀನಿ, ವಾಸನಿಗೆ ಹೊಟ್ಟಿ ತೊಳಸ್ತು. ಆದ್ರ ಎದ್ದು ಬರ್ಲಿಲ್ಲ. ಆ ಸಣ್ಣ ಹುಡುಗಿ ಹೊಟ್ಟಿ ತುಂಬ ಉಂಡು, ಕೈ ನೆಕ್ಕಿಕೋತ ಬಂದು ನನ್ನ ತೊಡಿಗೆ ಆತು ನಿಂತ್ತು. ಅವತ್ತು ಚಪಾತಿ ಕೇಳಲಿಲ್ಲ.

ಭಜನಿ ಮಂಡಳಿಯೊಳಗ ಮುಂದಿನ ಶುಕ್ರವಾರ ಆ ಅಕ್ಕಾರು ಸಿಗ್ತಾರ. ಮಜಾ ಬಂತೇನು ಅಂತ ಮತ್ತ ಕೇಳಿದ್ರ ಈ ಸಲ ಕೂತು ಪೂರಾ ಹೇಳ್ತೀನಿ. ನೀವೂ ಯಾರದರ ಅಂಗಳದಾಗ ದೊಡ್ಡ ಗಾಡಿ ಕಂಡ್ರ, ಅಡಗಿ ಮನಿ ನೋಡೋತನಕ ಏನೂ ಅನ್ನಬ್ಯಾಡ್ರಿ.