ಅಜ್ಜನ ರೇಜರ್ ಹುಟ್ಟಿದ ವರ್ಷ

ಆಸ್ತಿ ಪಾಲಾಗುವಾಗ ತೋಟಕ್ಕೆ, ಗದ್ದೆಗೆ ಸರ್ವೆಯವರು ಬರ್ತಾರೆ. ಕ್ಷೌರದ ಸಾಮಾನಿಗೆ ಯಾರೂ ಬರುವುದಿಲ್ಲ. ನಮ್ಮ ಮನೆಯಲ್ಲಿ ಆರು ವರ್ಷದ ಹಿಂದೆ ಅಜ್ಜನ ಕ್ಷೌರದ ಸೆಟ್ಟು ಮೂರು ಪಾಲಾಯಿತು. ರೇಜರ್ ಬಂಟ್ವಾಳದಲ್ಲಿ ಅಪ್ಪನ ಹತ್ತಿರ ಉಳಿಯಿತು. ಕೆಳಗೆ ಸಣ್ಣ ಡ್ರಾಯರ್ ಇರುವ ಮರದ ಕನ್ನಡಿ ಬೆಳ್ತಂಗಡಿಯ ಅತ್ತೆ ಮನೆಗೆ ಹೋಯಿತು. ಬ್ರಷ್ ಮತ್ತು ಹಿತ್ತಾಳೆ ಬಟ್ಟಲು ಮೂಡುಬಿದಿರೆಗೆ, ಚಿಕ್ಕಪ್ಪನ ಕಪಾಟಿಗೆ. ಅಡಿಕೆ ತೋಟದ ಗಡಿಯ ವಿಷಯದಲ್ಲಿ ಅಪ್ಪ ಮತ್ತು ಚಿಕ್ಕಪ್ಪ ಮಾತು ಬಿಟ್ಟದ್ದೂ ಆಗಲೇ.

ಈ ವರ್ಷ ಬೋನಸ್ ಬಂದಾಗ ಒಂದು ಮಿರರ್‌ಲೆಸ್ ಕ್ಯಾಮರಾ ತಗೊಂಡೆ. ಆಫೀಸಿನಲ್ಲಿ ಎಲ್ಲರೂ "ಹಿಮಾಲಯಕ್ಕಾ?" ಅಂತ ಕೇಳಿದರು. ನನಗೆ ಬೇಕಾದದ್ದು ಬೇರೆ. ಯಾರೂ ಬಿಟ್ಟುಕೊಡದ ಆ ಮೂರು ಪಾಲು ಫೋಟೋದಲ್ಲಾದರೂ ಒಟ್ಟಿಗೆ ಇರಬೇಕು ಅಂತ ಆಸೆ.

ಹಳ್ಳಿಯಲ್ಲಿ ಕ್ಷೌರದವರು ಅಂಗಳಕ್ಕೆ ಬಂದು ಕತ್ತಿ ಮಸೆಯುತ್ತಿದ್ದ ಕಾಲದಲ್ಲಿ, ಸ್ವಂತ ಸೇಫ್ಟಿ ರೇಜರ್ ಇಟ್ಟುಕೊಳ್ಳುವುದು ಮುಂಬಯಿಯಿಂದ ಬಂದವರ ಗತ್ತು. ಬ್ಲೇಡ್ ಬದಲಿಸುವ ರೇಜರಿಗೆ ಅಮೆರಿಕದಲ್ಲಿ ಕಿಂಗ್ ಕ್ಯಾಂಪ್ ಜಿಲೆಟ್ ಪೇಟೆಂಟ್ ಪಡೆದದ್ದು 1904ರಲ್ಲಿ. ಅಜ್ಜ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದವರು. ಅವರ ಜಿಲೆಟ್‌ನ ಹಿಡಿಯ ತುದಿ ತಿರುಗಿಸಿದರೆ ತಲೆಯ ಎರಡು ಬಾಗಿಲು ರೆಕ್ಕೆಯ ಹಾಗೆ ತೆರೆಯುತ್ತವೆ. ಸಣ್ಣದಿರುವಾಗ ಅದನ್ನು ತೆರೆದು ಮುಚ್ಚಲಿಕ್ಕೆ ನಾವು ಮಕ್ಕಳು ಸರದಿಯಲ್ಲಿ ನಿಲ್ಲುತ್ತಿದ್ದೆವು. "ನಾನು ಹುಟ್ಟಿದ್ದಕ್ಕೆ ಅಪ್ಪ ತಂದದ್ದು ಇದು" ಅಂತ ನನ್ನ ಅಪ್ಪ ಹೇಳುತ್ತಿದ್ದರು. ಅಪ್ಪ ಹುಟ್ಟಿದ್ದು 1956ರಲ್ಲಿ. ಪಾಲಿನ ದಿನ ರೇಜರ್ ಅವರಿಗೇ ಸಿಕ್ಕಿದ್ದು ಈ ಒಂದು ಮಾತಿನ ಬಲದಲ್ಲಿ.

ಹೊಳೆಯುವ ಲೋಹದ ಫೋಟೋ ತೆಗೆಯುವುದು ಮುಖದ ಫೋಟೋ ತೆಗೆದ ಹಾಗಲ್ಲ. ರೇಜರಿನ ನಿಕ್ಕಲ್ ಲೇಪ ಒಂದು ಪುಟ್ಟ ಕನ್ನಡಿ. ಅದರಲ್ಲಿ ಕಿಟಕಿಯ ಸರಳು, ನನ್ನ ಕೆಂಪು ಟೀಶರ್ಟು, ಬಾಗಿಲಲ್ಲಿ ನಿಂತ ಅಮ್ಮ, ಎಲ್ಲ ಕಾಣ್ತದೆ. ಹಾಗಾಗಿ ನೀವು ತೆಗೆಯುವುದು ರೇಜರಿನ ಫೋಟೋ ಅಲ್ಲ, ರೇಜರಿನ ಸುತ್ತ ಏನುಂಟೋ ಅದರದ್ದು. ಸುತ್ತಲೂ ಬಿಳಿ ಇದ್ದರೆ ಲೋಹ ಶಾಂತವಾಗ್ತದೆ. ಅಪ್ಪನ ಬಿಳಿ ಮುಂಡನ್ನು ಕಿಟಕಿಗೆ ಕಟ್ಟಿದೆ, ಇನ್ನೊಂದನ್ನು ಎರಡು ಕುರ್ಚಿಯ ನಡುವೆ ಡೇರೆಯ ಹಾಗೆ ಇಳಿಬಿಟ್ಟೆ. ಎಲ್ಲವೂ ಬಿಳಿಯಾದರೆ ವಸ್ತುವಿನ ಅಂಚು ಕರಗಿಹೋಗ್ತದೆ. ಅದಕ್ಕೆ ಪಕ್ಕದಲ್ಲಿ ಒಂದು ಕಪ್ಪು ರಟ್ಟಿನ ಪಟ್ಟಿ ನಿಲ್ಲಿಸಿದರೆ ಹಿಡಿಯ ಉದ್ದಕ್ಕೂ ತೆಳುವಾದ ಕಪ್ಪು ಗೆರೆ ಬಂದು ಆಕಾರ ಎದ್ದು ನಿಲ್ತದೆ.

ಹತ್ತಿರದಿಂದ ತೆಗೆಯುವಾಗ ಫೋಕಸ್ ತುಂಬಾ ತೆಳು. ಎಫ್ 4ರಲ್ಲಿ ಹಿಡಿ ಸ್ಪಷ್ಟ, ತಲೆ ಮಸುಕು. ಎಫ್ 11ಕ್ಕೆ ಹೋದರೆ ಎರಡೂ ಸಿಗ್ತವೆ, ಆದರೆ ಬೆಳಕು ಸಾಲುವುದಿಲ್ಲ. ಐಎಸ್ಒ 100ರಲ್ಲೇ ಇಟ್ಟು ಶಟರ್ ನಿಧಾನ ಮಾಡಬೇಕು. ಅಂದರೆ ಟ್ರೈಪಾಡ್ ಬೇಕೇ ಬೇಕು. ಬೆರಳು ತಾಗಿ ಅಲುಗದ ಹಾಗೆ ಎರಡು ಸೆಕೆಂಡಿನ ಟೈಮರ್ ಕೂಡ. ನಮ್ಮ ಕಡೆ ಕೆಂಪು ಸಿಮೆಂಟಿನ ನೆಲದ ಬಣ್ಣ ಎಲ್ಲದಕ್ಕೂ ಹತ್ತುತ್ತದೆ. ಒಂದು ಬಿಳಿ ಕಾಗದ ಇಟ್ಟು ವೈಟ್ ಬ್ಯಾಲೆನ್ಸ್ ಸರಿಮಾಡಿದರೆ ನಿಕ್ಕಲ್ ನಿಕ್ಕಲಾಗಿಯೇ ಕಾಣ್ತದೆ. ಇನ್ನು ಬೆಳಕಿನ ಮಟ್ಟಿಗೆ ನಮ್ಮ ಮಳೆಗಾಲಕ್ಕಿಂತ ಒಳ್ಳೆಯ ಸ್ಟುಡಿಯೋ ಇಲ್ಲ. ಮೋಡವೇ ದೊಡ್ಡ ಬಿಳಿ ಕೊಡೆ. ತೇವಕ್ಕೆ ಲೆನ್ಸಿನಲ್ಲಿ ಫಂಗಸ್ ಬರ್ತದೆ ಅನ್ನುವುದೊಂದೇ ತಲೆಬಿಸಿ. ಬಿಗಿ ಮುಚ್ಚಳದ ಡಬ್ಬ, ಅದರಲ್ಲಿ ಸಿಲಿಕಾ ಜೆಲ್ ಇಟ್ಟರೆ ಆಯ್ತು.

ತಲೆಯ ಕೆಳಭಾಗದಲ್ಲಿ ಏನೋ ಗೀರು ಕಂಡಿತು. ಮೊಬೈಲಿನ ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಹಿಡಿದೆ. ಹಾಗೆ ಓರೆಯಾಗಿ ಬಿದ್ದ ಬೆಳಕು ಸಣ್ಣ ಹಳ್ಳವನ್ನೂ ನೆರಳಾಗಿ ತೋರಿಸ್ತದೆ. ಫೋಟೋ ದೊಡ್ಡದು ಮಾಡಿದರೆ ಒಂದು ಅಕ್ಷರ, ಒಂದು ಅಂಕೆ: 'ಡಿ 3'. ಆ ಕಾಲದ ಅಮೆರಿಕನ್ ಜಿಲೆಟ್‌ಗಳ ಮೇಲೆ ತಯಾರಾದ ವರ್ಷಕ್ಕೆ ಅಕ್ಷರ, ತ್ರೈಮಾಸಿಕಕ್ಕೆ ಅಂಕೆ ಒತ್ತುತ್ತಿದ್ದರು. 'ಎ' ಅಂದರೆ 1955. 'ಡಿ' ಅಂದರೆ 1958.

ಲೆಕ್ಕ ಹಾಕಲಿಕ್ಕೆ ಕ್ಯಾಲ್ಕ್ಯುಲೇಟರ್ ಬೇಡ. ಅಪ್ಪ ಹುಟ್ಟುವಾಗ ಆ ರೇಜರೇ ಹುಟ್ಟಿರಲಿಲ್ಲ.

ಒಂದು ರಾತ್ರಿಯಿಡೀ ಯೋಚಿಸಿದೆ. ಆ ಫೋಟೋ ಡಿಲೀಟ್ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ವಸ್ತುಗಳ ದಾಖಲೆ ಮಾಡ್ತೇನೆ ಅಂತ ಹೊರಟು ನನಗೆ ಬೇಕಾದ ಬದಿಯನ್ನು ಮಾತ್ರ ಇಟ್ಟುಕೊಂಡರೆ ಕ್ಯಾಮರಾ ಯಾಕೆ? ಬೆಳಿಗ್ಗೆ ತೋರಿಸಿದೆ. ಅಪ್ಪ ಕನ್ನಡಕ ಹಾಕಿ ತುಂಬಾ ಹೊತ್ತು ನೋಡಿದರು.

"ದಿನಾ ಹಿಡಿದದ್ದು. ಇದು ಉಂಟು ಅಂತ ನೋಡಿಯೇ ಇಲ್ಲ ನಾನು" ಅಂದರು. ಮತ್ತೆ ಎದ್ದು ಹಟ್ಟಿಯ ಕಡೆ ಹೋದರು.

ಬೆಳ್ತಂಗಡಿಯಲ್ಲಿ ಕನ್ನಡಿಯ ಸರದಿ. ಕನ್ನಡಿಯನ್ನು ನೇರ ಎದುರಿನಿಂದ ತೆಗೆದರೆ ಕ್ಯಾಮರಾವೇ ಕಾಣ್ತದೆ. ಸ್ವಲ್ಪ ಓರೆ ನಿಂತು, ಅದರೊಳಗೆ ಖಾಲಿ ಗೋಡೆ ಮಾತ್ರ ಬರುವ ಹಾಗೆ ನೋಡಬೇಕು. ಡ್ರಾಯರಿನ ಅಡಿಯಲ್ಲಿ ಒಂದು ಕಂದು ಗೆರೆ. "ಅದು 1974ರ ನೆರೆಯ ನೀರು" ಅಂದರು ಅತ್ತೆ. ನೇತ್ರಾವತಿ ಬಂಟ್ವಾಳ ಪೇಟೆಗೆ ನುಗ್ಗಿದ ವರ್ಷ ಅಜ್ಜ ಈ ಕನ್ನಡಿಯನ್ನು ತಲೆಯ ಮೇಲೆ ಹೊತ್ತು ಅಟ್ಟಕ್ಕೆ ಏರಿಸಿದ್ದರಂತೆ. ಆ ಗೆರೆಗೂ ಓರೆ ಬೆಳಕು ಹಿಡಿದೆ.

ರೇಜರಿನ ವಿಷಯ ಹೇಳಿದಾಗ ಅತ್ತೆ ನಕ್ಕರು. "ಹೋ! ಹಾಗಾದ್ರೆ ಅಣ್ಣ ಹುಟ್ಟಿದ್ದಕ್ಕೆ ಬಂದದ್ದಲ್ಲ! ನಾನು ಹುಟ್ಟಿದ್ದು 60ರಲ್ಲಿ ಮಾರಾಯ್ತಿ. ನನಗೇ ತಂದದ್ದಿರಬಹುದಲ್ವಾ?" ನಗು ನಿಂತ ಮೇಲೆ ಮೆಲ್ಲಗೆ ಅಂದರು, "ಪಾಲಿನ ದಿನ ನನಗೆ ಎಂತ ಬೇಕು ಅಂತ ಯಾರೂ ಕೇಳ್ಲಿಲ್ಲ. ಕನ್ನಡಿ ಹೆಂಗಸರಿಗೆ ಅಂತ ಅವರೇ ತೀರ್ಮಾನ ಮಾಡಿದ್ದು."

ಗುರುವಾಯನಕೆರೆ, ವೇಣೂರು ದಾಟಿ ಮೂಡುಬಿದಿರೆಗೆ ಹೋದಾಗ ಚಿಕ್ಕಪ್ಪ ಬಟ್ಟಲು ಹಿಡಿದು ಹುಣಸೆಹುಳಿ ಹುಡುಕುತ್ತಿದ್ದರು. "ನಿಲ್ಲು, ತಿಕ್ಕಿ ಕೊಡ್ತೇನೆ."

"ಬೇಡ ಚಿಕ್ಕಪ್ಪ, ಹಾಗೇ ಇರ್ಲಿ." ತಿಕ್ಕಿದರೆ ಹಿತ್ತಾಳೆ ಹೊಳೀತದೆ, ಆದರೆ ಒಳಗಿನ ಅಂಚಿನಲ್ಲಿ ಗಟ್ಟಿಯಾದ ಸೋಪಿನ ಬಿಳಿ ಬಳೆ ಹೋಗ್ತದೆ. ಆ ಸೋಪು ಅಜ್ಜ ಕಲಸಿದ್ದು. ಚಿಕ್ಕಪ್ಪ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿ ಸುಮ್ಮನೆ ಮೇಜಿನ ಮೇಲೆ ಇಟ್ಟರು.

ಮೂರೂ ಊರಿನಲ್ಲಿ ಒಂದೇ ಬೂದು ಖಾದಿ ಬಟ್ಟೆ ಹಾಸಿದೆ. ಕ್ಯಾಮರಾದ ಎತ್ತರ, ದೂರ ಟೇಪಿನಲ್ಲಿ ಅಳೆದು ಬರೆದಿಟ್ಟುಕೊಂಡೆ. ಬೆಳಕು ಯಾವಾಗಲೂ ಎಡಗಡೆಯಿಂದ, ಮೊದಲ ಚಿತ್ರದಲ್ಲಿ ಒಂದು ಸ್ಕೇಲ್. ಹೀಗೆ ಮಾಡಿದರೆ ಲ್ಯಾಪ್‌ಟಾಪಿನಲ್ಲಿ ಜೋಡಿಸುವಾಗ ನೆರಳು, ಅಳತೆ ಎರಡೂ ಸುಳ್ಳು ಹೇಳುವುದಿಲ್ಲ.

ಬಿ.ಸಿ.ರೋಡಿನ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ತುಳು ಬದುಕು ವಸ್ತುಸಂಗ್ರಹಾಲಯ ನೋಡಿದವರಿಗೆ ಗೊತ್ತು, ಮನೆಬಳಕೆಯ ಸಾಮಾನುಗಳು ಅಕ್ಕಪಕ್ಕ ಕೂತಾಗಲೇ ಒಂದು ಬದುಕು ಕಾಣುವುದು. ಬಿಡಿಯಾಗಿದ್ದರೆ ರೇಜರ್ ಬರೀ ರೇಜರ್.

ಜೋಡಿಸುವ ಮೊದಲು ಫ್ಯಾಮಿಲಿ ಗ್ರೂಪಿನಲ್ಲಿ ಕೇಳಿದೆ: "ಅಜ್ಜ ಇವನ್ನೆಲ್ಲ ಯಾವ ಕ್ರಮದಲ್ಲಿ ಇಡ್ತಿದ್ರು?" ಒಂದು ಗಂಟೆ ಯಾರದ್ದೂ ಸುದ್ದಿ ಇಲ್ಲ. ಹಬ್ಬದ ಶುಭಾಶಯಕ್ಕೂ ಉತ್ತರ ಕೊಡದ ಚಿಕ್ಕಪ್ಪ ಬರೆದರು: "ಬಟ್ಟಲಿನ ಎಡಕ್ಕೆ ಬ್ರಷ್."

ಅದರ ಕೆಳಗೆ ಅಪ್ಪ: "ಹೌದು. ಎಡಗೈಯಲ್ಲೇ ನೊರೆ ಮಾಡ್ತಿದ್ದದ್ದು."

ಚಿಕ್ಕಪ್ಪ: "ರೇಜರಿಗೆ ಈಗ ಯಾವ ಬ್ಲೇಡ್ ಹಾಕ್ತಿ ಅಣ್ಣ?"

ತೋಟದ ಗಡಿ ಇನ್ನೂ ಇದ್ದಲ್ಲೇ ಉಂಟು. ಮೊನ್ನೆ ಬೆಂಗಳೂರಿಗೆ ಹೊರಡುವಾಗ ಅಪ್ಪ ಒಂದು ಸಣ್ಣ ಪೊಟ್ಟಣ ಕೈಗೆ ಕೊಟ್ಟರು. "ಹೋಗುವ ದಾರಿಯಲ್ಲಿ ಬೆಳ್ತಂಗಡಿಯಲ್ಲಿ ಇಳಿದು ಅತ್ತೆಗೆ ಕೊಡು. ಆರು ತಿಂಗಳು ಅಲ್ಲಿರ್ಲಿ. ಆಮೇಲೆ ಅವನ ಹತ್ತಿರ." ಬಿಡಿಸಿ ನೋಡುವ ಅಗತ್ಯ ಇರಲಿಲ್ಲ. ಅದರ ತೂಕ ನನ್ನ ಕೈಗೆ ಗೊತ್ತಿತ್ತು.