ದೇಶವ್ರತ ಮತ್ತು ಎರಡು ದಿನಗಳ ಪ್ರವಾಸ

ಗೃಹಸ್ಥನ ಹನ್ನೆರಡು ವ್ರತಗಳಲ್ಲಿ ಪಂಚಾಣುವ್ರತಗಳ ವಿಚಾರ ಸಮಾಜದಲ್ಲಿ ನಡೆಯುವಷ್ಟು ಉಳಿದ ಏಳು ವ್ರತಗಳ ವಿಚಾರ ನಡೆಯುವುದಿಲ್ಲ. ದಿಗ್ವ್ರತ, ದೇಶವ್ರತಗಳ ಹೆಸರೆತ್ತಿದರೆ, ಅವು ಬಂಡಿ ಹಡಗುಗಳ ಕಾಲದ ವರ್ತಕರಿಗೆ ಹೇಳಿದ ಮಾತೆಂದು ಬದಿಗಿಡುವವರೇ ಹೆಚ್ಚು. ಜೀವಮಾನಪರ್ಯಂತ ಇಂಥ ದಿಕ್ಕಿನಲ್ಲಿ ಇಷ್ಟು ದೂರದಾಚೆ ಹೋಗುವುದಿಲ್ಲವೆಂಬ ಮೇರೆ ದಿಗ್ವ್ರತ. ಆ ಮೇರೆಯೊಳಗೇ ಒಂದು ಪಕ್ಷಕ್ಕೋ ಮಾಸಕ್ಕೋ ಋತುವಿಗೋ ಇನ್ನೂ ಕಿರಿದಾದ ಎಲ್ಲೆಯನ್ನು ಹಾಕಿಕೊಳ್ಳುವುದು ದೇಶವ್ರತ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ದೇಶಾವಕಾಶಿಕವೆಂದು ಕರೆದು, ಮನೆ, ಗ್ರಾಮ, ಹೊಲ, ನದಿ, ಅಡವಿ ಇವುಗಳನ್ನೇ ಎಲ್ಲೆಯ ಗುರುತುಗಳಾಗಿ ಹೇಳಿದ್ದಾರೆ. ಶನಿವಾರ ಭಾನುವಾರಗಳ ಪ್ರವಾಸಕ್ಕೆ ಹೊರಡುವ ಇಂದಿನ ಕುಟುಂಬಕ್ಕೆ ಇದಕ್ಕಿಂತ ಹತ್ತಿರದ ವ್ರತ ಬೇರೊಂದಿಲ್ಲ.

ಮಾನವಿ ತಾಲ್ಲೂಕಿನ ಚೀಕಲಪರ್ವಿ ತುಂಗಭದ್ರೆಯ ದಂಡೆಯ ಊರು. ದಾಸಶ್ರೇಷ್ಠರಾದ ವಿಜಯದಾಸರು 1682ರಲ್ಲಿ ಹುಟ್ಟಿದ ಊರೆಂದು ನಾಡಿಗೆಲ್ಲ ಪರಿಚಿತ. ಅಲ್ಲಿ ಹೊಲಮನೆ ಇರುವ ಒಂದು ಶ್ರಾವಕ ಕುಟುಂಬದ ಹಿರಿಯ ಮಗ ಬೆಂಗಳೂರಿನಲ್ಲಿ ಉದ್ಯೋಗಿ. ತಾಯಿಗೆ ಕೋಪಣವನ್ನು ನೋಡಬೇಕೆಂಬ ಆಸೆ ಬಹುದಿನದ್ದು. ಭತ್ತದ ಕೊಯ್ಲು ಮುಗಿದು ಬಿಸಿಲು ತಗ್ಗಿದ ಡಿಸೆಂಬರಿನಲ್ಲಿ ಎರಡು ದಿನದ ಬಿಡುವು ಮಾಡಿಕೊಂಡು ಬಂದ ಮಗ, ಒಂದು ಹಾಳೆಯ ಮೇಲೆ ಪ್ರವಾಸದ ಯೋಜನೆಯನ್ನು ಬರೆದು ತಾಯಿಯ ಮುಂದಿಟ್ಟನು. ಮಸ್ಕಿ, ಆನೆಗೊಂದಿ, ಹಂಪಿ, ಕಮಲಾಪುರದ ಬಳಿಯ ಗಾಣಗಿತ್ತಿ ಬಸದಿ, ಸಂಜೆ ತುಂಗಭದ್ರಾ ಅಣೆಕಟ್ಟಿನ ದೀಪದ ಕಾರಂಜಿ. ಮರುದಿನ ಕೊಪ್ಪಳ, ಕುಕನೂರು, ಇಟಗಿ, ಲಕ್ಕುಂಡಿ. ಒಟ್ಟು ಒಂಬತ್ತು. ಶುಕ್ರವಾರ ರಾತ್ರಿ ಊಟವಾದ ಮೇಲೆ ಹೊರಡುವುದು, ಭಾನುವಾರ ನಡುರಾತ್ರಿಗೆ ಮರಳುವುದು. ಬಾಡಿಗೆಯ ಕಾರಿಗೆ ಒಬ್ಬನೇ ಚಾಲಕ.

ಒಂದೊಂದು ಸ್ಥಳವೂ ನೋಡತಕ್ಕದ್ದೇ. ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದಿಂದಲೇ ದೇವಾನಾಂಪ್ರಿಯನೆಂಬ ಅರಸನು ಅಶೋಕನೆಂಬುದು ಸ್ಥಿರಪಟ್ಟಿತು. ಗಾಣಗಿತ್ತಿ ಬಸದಿ ವಿಜಯನಗರದ ಎರಡನೆಯ ಹರಿಹರನ ಕಾಲದಲ್ಲಿ ದಂಡನಾಯಕ ಇರುಗಪ್ಪನು ಕುಂಥುಜಿನನಿಗೆ ಕಟ್ಟಿಸಿದ ಚೈತ್ಯಾಲಯ. (ಹೇಮಕೂಟದ ಮೆಟ್ಟಿಲು ಶಿಖರದ ಗುಡಿಗಳೆಲ್ಲ ಬಸದಿಗಳೆಂದು ಯಾತ್ರಿಕರಿಗೆ ಹೇಳುವುದು ಇನ್ನೂ ನಿಂತಿಲ್ಲ, ಅವು ಶಿವಾಲಯಗಳು. ಶಿಖರದ ಆಕಾರವನ್ನೊಂದೇ ನೋಡಿ ತಮ್ಮದೆಂದುಕೊಳ್ಳುವುದರಿಂದ ಧರ್ಮಕ್ಕೆ ಲಾಭವಿಲ್ಲ.) ಲಕ್ಕುಂಡಿಯದು ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯ. ಆದರೆ ಒಂಬತ್ತನ್ನೂ ಎರಡು ಹಗಲಿನಲ್ಲಿ ತುಂಬಿದಾಗ ಯಾವುದರ ಮುಂದೆಯೂ ನಿಲ್ಲಲು ಸಮಯವಿರುವುದಿಲ್ಲ. ಡಿಸೆಂಬರಿನಲ್ಲಿ ಆರು ಗಂಟೆಯ ಆಸುಪಾಸಿಗೆ ಸೂರ್ಯಾಸ್ತ. ಕಾರಂಜಿಯ ದೀಪ ಹೊತ್ತುವುದು ಕತ್ತಲಾದ ಮೇಲೆ. ರಾತ್ರಿಭೋಜನವನ್ನು ಬಿಟ್ಟ ತಾಯಿ ಆ ಸಂಜೆ ಎಲ್ಲಿ, ಯಾವಾಗ ಉಣ್ಣಬೇಕೆಂಬುದು ಹಾಳೆಯಲ್ಲಿ ಇರಲಿಲ್ಲ.

ತಾಯಿ ತನ್ನ ಊಟದ ಮಾತೆತ್ತಲಿಲ್ಲ. ಮಗ ಹಿಂದೊಮ್ಮೆ ಉದ್ಯೋಗದ ನಿಮಿತ್ತ ಕೊರಿಯ ದೇಶಕ್ಕೆ ಹೋದಾಗ ಗ್ಯೋಂಗ್ಜು ಎಂಬ ಪುರಾತನ ನಗರದಲ್ಲಿ ಎರಡು ದಿನ ಕಳೆದುದನ್ನು ಮನೆಯಲ್ಲಿ ಬಲು ಸಂತೋಷದಿಂದ ವರ್ಣಿಸಿದ್ದನು. 935ರವರೆಗೆ ಆಳಿದ ಸಿಲ್ಲಾ ಅರಸರ ರಾಜಧಾನಿ ಅದು. ಊರ ನಡುವೆಯೇ ಹುಲ್ಲು ಹೊದ್ದ ಅರಸರ ಗೋರಿದಿಬ್ಬಗಳು, ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ ಏಳನೆಯ ಶತಮಾನದ ನಕ್ಷತ್ರವೀಕ್ಷಣೆಯ ಕಲ್ಲುಗೋಪುರ. ಮರುದಿನ ಬುಲ್ಗುಕ್ಸಾ ವಿಹಾರ, ಅದರ ಮೇಲಣ ಬೆಟ್ಟದಲ್ಲಿ ಸೊಕ್ಕುರಾಮ್ ಗುಹಾಲಯ. ಅಲ್ಲಿಯ ಬುದ್ಧಮೂರ್ತಿಯನ್ನು ಗಾಜಿನ ಈಚೆ ನಿಂತು ನೋಡಬೇಕು. ಜನರ ಉಸಿರಿನ ತೇವ ಶಿಲ್ಪಕ್ಕೆ ತಾಗಬಾರದೆಂದು ಈ ಏರ್ಪಾಡು. ಹತ್ತಿರ ಹೋಗಲಾಗದಿದ್ದುದರಿಂದ ಅವನಿಗೇನೂ ಕೊರತೆಯಾಗಿರಲಿಲ್ಲ.

"ಆ ದೇಶದಾಗ ಎರಡು ದಿನಕ್ಕ ನಾಕು ಸಾಕಾಗಿದ್ವು. ಇಲ್ಲಿ ಒಂಬತ್ತು ಯಾಕ ಬೇಕೋ ತಮ್ಮಾ?" ಎಂದಳು ತಾಯಿ.

"ಮತ್ತ ಯಾವಾಗ ಬರೋದು ಆಗ್ತದವ್ವಾ? ಬಂದಾಗ ಎಲ್ಲಾ ನೋಡಿಬಿಡಬೇಕು" ಎಂದನು ಮಗ.

ಎಲ್ಲವನ್ನೂ ನೋಡಿಬಿಡಬೇಕೆಂಬ ಈ ಮಾತು ಪರಿಗ್ರಹದ ಮಾತೇ. ಕೂಡಿಡುವುದು ಹೊನ್ನಾಗಲಿ, ನೋಡಿದ ಊರುಗಳ ಲೆಕ್ಕವಾಗಲಿ, ಸಾಲದೆಂಬ ಭಾವ ಒಂದೇ. ಅದರ ಭಾರ ಹೊರುವವನು ಮಾತ್ರ ಬೇರೆಯವನು. ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕೊನೆಯ ಎರಡನ್ನು ಎತ್ತು ಕುದುರೆಗಳ ಮಾತೆಂದು ಓದಿ ಮುಂದೆ ಹೋಗುವ ರೂಢಿ. ಎತ್ತಿನ ಬಂಡಿ ಕಟ್ಟುತ್ತಿದ್ದ ಹಿರಿಯರು ಎತ್ತಿಗೆ ನೀರು ತೋರಿಸದೆ ತಾವು ಬುತ್ತಿ ಬಿಚ್ಚುತ್ತಿರಲಿಲ್ಲ. ಈಗ ಎತ್ತಿನ ಜಾಗದಲ್ಲಿ ಮನುಷ್ಯನೇ ಇದ್ದಾನೆ. ಎರಡು ರಾತ್ರಿ ನಿದ್ದೆಗೆಡಿಸಿ ಗಾಡಿ ಓಡಿಸುವುದು ಅತಿಭಾರವಲ್ಲದೆ ಮತ್ತೇನು? ಯಾತ್ರಿಕರು ಸೋಸಿದ ನೀರು ಕುಡಿದು ದರ್ಶನಕ್ಕೆ ಹೋದಾಗ, ಅವನು ಗಾಡಿ ಕಾಯುತ್ತ ಹಸಿದು ಕುಳಿತಿದ್ದರೆ ಅದು ಅನ್ನಪಾನನಿರೋಧವೇ. ತೂಕಡಿಕೆಯ ಕಣ್ಣಿನ ಚಾಲಕನ ಗಾಡಿಯಲ್ಲಿ ಕುಳಿತವರ ಪ್ರಾಣವೂ ಹಾದಿಯ ಜೀವಿಗಳ ಪ್ರಾಣವೂ ಒಂದೇ ಅಪಾಯದಲ್ಲಿರುತ್ತವೆ.

ಈ ಮಾತು ಒಂದು ಮನೆಗಷ್ಟೇ ಸೇರಿದ್ದಲ್ಲ. ಎರಡು ದಿನಕ್ಕೆ ಆರೇಳು ಕ್ಷೇತ್ರಗಳೆಂದು ಕರಪತ್ರ ಹೊರಡಿಸಿ ಬಸ್ಸು ಕಟ್ಟುವ ಬಸದಿ ಸಮಿತಿಗಳು, ಕ್ಷೇತ್ರಗಳ ಸಂಖ್ಯೆಯೊಡನೆ ಚಾಲಕರ ಸಂಖ್ಯೆಯನ್ನೂ ಅವರು ಮಲಗುವ ಸ್ಥಳವನ್ನೂ ಅಚ್ಚು ಹಾಕಲಿ. ಯಾತ್ರಾನಿವಾಸಗಳಲ್ಲಿ ಚಾಲಕರಿಗೆಂದು ಒಂದು ಕೋಣೆಯನ್ನು ಮೀಸಲಿಡುವುದು ದೊಡ್ಡ ಖರ್ಚಲ್ಲ.

ಚೀಕಲಪರ್ವಿಯ ತಾಯಿ ಎಲ್ಲೆ ಹಾಕಿದಳು. ಬೆಳಗಾದ ಮೇಲೆ ಹೊರಡುವುದು. ಮಾನವಿ, ಸಿಂಧನೂರು, ಗಂಗಾವತಿಯ ದಾರಿ. ಎರಡು ದಿನ ಕೊಪ್ಪಳದ ಆಚೆ ಹೆಜ್ಜೆ ಇಡುವುದಿಲ್ಲ. ಹಾಗಾದರೆ ಚಾಲಕನನ್ನೊಬ್ಬನನ್ನೇ ಹೊಸಪೇಟೆಗೆ ಅಟ್ಟಿ ಬೇಕಾದ ಸಾಮಾನು ತರಿಸೋಣವೆಂದು ಮೊಮ್ಮಗಳು ಕೇಳಿದಾಗ, ಅದು ಪ್ರೇಷ್ಯಪ್ರಯೋಗವೆಂಬ ಅತಿಚಾರವಾಗುತ್ತದೆಂದು ಅಜ್ಜಿ ನಗುತ್ತ ತಿಳಿಸಿದಳು. ಎಲ್ಲೆಯಾಚೆಗೆ ತಾನು ಹೋಗದೆ ಆಳನ್ನು ಕಳಿಸುವುದಕ್ಕೂ ಶಾಸ್ತ್ರಕಾರರು ಹೆಸರಿಟ್ಟಿರುವರಲ್ಲ!

1997ರವರೆಗೆ ರಾಯಚೂರು ಜಿಲ್ಲೆಯಲ್ಲಿಯೇ ಇದ್ದ ಕೊಪ್ಪಳ ಎರಡು ದಿನಕ್ಕೆ ಸಣ್ಣ ಊರಲ್ಲ. ಕವಿರಾಜಮಾರ್ಗ ತಿರುಳ್ಗನ್ನಡ ನಾಡಿನ ಎಲ್ಲೆಯಾಗಿ ಹೆಸರಿಸುವ ಊರುಗಳಲ್ಲಿ ಕೋಪಣವೂ ಒಂದು. ಹೊಯ್ಸಳ ದಂಡನಾಯಕ ಗಂಗರಾಜನು ಗಂಗವಾಡಿಯನ್ನೆಲ್ಲ ಕೋಪಣದಂತೆ ಬೆಳಗಿಸಿದನೆಂದು ಶಾಸನಗಳು ಹೊಗಳುವಾಗ ಈ ತೀರ್ಥವೇ ಅಳತೆಗೋಲು. ಗವಿಮಠದ ಬಳಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆ. ಎರಡು ಬಂಡೆಗಳ ಮೇಲೆ ಪಲ್ಲಕ್ಕಿಯಂತೆ ಕುಳಿತ ಹಾಸುಗಲ್ಲಿನಿಂದ ಪಾಲ್ಕಿಗುಂಡೆಂಬ ಹೆಸರು ಬಂದಿದೆ. ಅದೇ ಬೆಟ್ಟದಲ್ಲಿ, ವರಾಂಗಚರಿತೆಯ ಕರ್ತೃ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂದು ಕಲ್ಲಿನಲ್ಲಿ ಬರೆದಿದೆ. ಆ ಚಾವಯ್ಯನ ಹೆಸರು ಒಂದೇ ಸಾಲಿನದು. ಈಗ ಬಂಡೆಗಳ ಮೇಲೆ ತಮ್ಮ ಹೆಸರು ಗೀಚುವವರು ಯಾರ ಪಾದವನ್ನೂ ಮಾಡಿಸಿದವರಲ್ಲ. ಅನರ್ಥದಂಡವೆಂದರೆ ಇದೇ.

ಪಾಲ್ಕಿಗುಂಡಿನ ಏರು ತಾಯಿಯ ಮೊಣಕಾಲಿಗೆ ಮೀರಿದ್ದು. ಮಗ ಅವಳನ್ನು ಹೇಗಾದರೂ ಹತ್ತಿಸಬೇಕೆಂದಿದ್ದನು. ಅವಳು ಒಪ್ಪದೆ ಬೆಟ್ಟದ ಬುಡದಲ್ಲಿ ಸಾಮಾಯಿಕಕ್ಕೆ ಕುಳಿತಳು. ಮೊಮ್ಮಗಳು ಮೇಲಿನಿಂದ ಪಾದಗಳ ಚಿತ್ರವನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು ಬಂದು ತೋರಿಸಿದಾಗ, ಆ ಹಾಳೆಗೇ ಕೈಮುಗಿದಳು.

ಅಂದು ಐದು ಗಂಟೆಗೆ, ಬಂಧುಗಳ ಮನೆಯ ಪಡಸಾಲೆಯಲ್ಲಿ ಎಲ್ಲರೊಡನೆ ಚಾಲಕನಿಗೂ ಎಲೆ ಹಾಕಿತ್ತು. ಊಟ ಮುಗಿಸಿ ಕೈತೊಳೆದು ಬಂದ ಅವನು, "ನಾಳೆ ಎಷ್ಟಕ್ಕ ಹೊರಡೋದ್ರಿ, ಅವ್ವಾರ?" ಎಂದು ಕೇಳಿದನು.

"ನಿನಗ ನಿದ್ದಿ ಆದಮ್ಯಾಲಪ್ಪಾ" ಎಂದಳು ತಾಯಿ.