ಹದಿಮೂರು ತಿಂಗಳ ನಾಡಿಗೆ ಹೊರಡುವ ಮುನ್ನ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂಬುದು ಹಿರಿಯರ ಮಾತು. ಇಥಿಯೋಪಿಯಕ್ಕೆ ಹೋಗುವವರು ಮೊದಲು ಕೋಶವನ್ನು ಓದಿ ಆಮೇಲೆ ದೇಶವನ್ನು ಸುತ್ತುವುದು ಲೇಸು. ಏಕೆಂದರೆ ಆ ನಾಡಿನಲ್ಲಿ ಕಾಲಿಟ್ಟೊಡನೆ ಪ್ರವಾಸಿಯ ಕೈಗಡಿಯಾರ, ಗೋಡೆಯ ಕ್ಯಾಲೆಂಡರು ಎರಡೂ ಲೆಕ್ಕಕ್ಕೆ ಬಾರದೆ ಹೋಗುತ್ತವೆ.

ಅಲ್ಲಿಯ ಜನರು ಹಗಲನ್ನು ಬೆಳಗಿನ ಆರು ಗಂಟೆಯಿಂದ ಎಣಿಸತೊಡಗುತ್ತಾರೆ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ನಮ್ಮ ನಡುಹಗಲು ಅವರಿಗೆ ಆರು ಗಂಟೆ. ಸಂಜೆ ಆರರ ಅನಂತರ ಇರುಳಿನ ಎಣಿಕೆ ಮತ್ತೆ ಒಂದರಿಂದ. ‘ಬಸ್ಸು ಹಗಲು ಆರು ಗಂಟೆಗೆ’ ಎಂದು ಊರಿನವರು ಹೇಳಿದರೆಂದು ನಸುಕಿನಲ್ಲೆದ್ದು ಓಡಿದವನು ಮಧ್ಯಾಹ್ನದವರೆಗೆ ಕಾಯಬೇಕಾದೀತು. ‘ಹನ್ನೆರಡಕ್ಕೆ’ ಎಂದುದನ್ನು ಕೇಳಿ ಮಧ್ಯಾಹ್ನ ಹೋದವನಿಗಂತೂ, ಬೆಳಗ್ಗೆಯೇ ಹೊರಟುಹೋದ ಬಸ್ಸಿನ ಧೂಳು ಸಹ ಕಾಣಿಸದು. ವಿಮಾನದ ಟಿಕೆಟ್ಟುಗಳಲ್ಲಿ ಮಾತ್ರ ಹೊರಜಗತ್ತಿನ ಗಂಟೆಯೇ ಇರುತ್ತದೆ. ಆದುದರಿಂದ ಯಾರು ಹೊತ್ತನ್ನು ಹೇಳಿದರೂ ‘ಇದು ಯಾರ ಗಂಟೆ?’ ಎಂದು ಕೇಳಿಯೇ ಒಪ್ಪಿಕೊಳ್ಳಬೇಕು. ಸೂರ್ಯೋದಯದಿಂದ ಘಳಿಗೆಗಳನ್ನು ಎಣಿಸುವ ಪಂಚಾಂಗವನ್ನು ಬಲ್ಲವರಿಗೆ ಈ ಕ್ರಮ ತೀರ ವಿಚಿತ್ರವೆನಿಸಲಾರದು.

ತಿಂಗಳುಗಳೂ ಹಾಗೆಯೇ. ಮೂವತ್ತು ದಿನಗಳ ಹನ್ನೆರಡು ಮಾಸಗಳು ಕಳೆದ ಮೇಲೆ ಐದಾರು ದಿನಗಳ ‘ಪಾಗುಮೆ’ ಎಂಬ ಹದಿಮೂರನೆಯ ಪುಟ್ಟ ಮಾಸವೊಂದಿದೆ. ಹೊಸ ವರ್ಷವು ಬರುವುದು ಸೆಪ್ಟೆಂಬರ್ ೧೧ರಂದು, ಕೆಲವು ವರ್ಷ ೧೨ರಂದು. ವರ್ಷಗಳ ಎಣಿಕೆಯು ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ. ಜಗತ್ತೆಲ್ಲ ೨೦೦೦ನೆಯ ಇಸವಿಯನ್ನು ಮರೆಯುತ್ತಿದ್ದಾಗ ಅವರು ಅದನ್ನು ೨೦೦೭ರ ಸೆಪ್ಟೆಂಬರಿನಲ್ಲಿ ಸಂಭ್ರಮದಿಂದ ಬರಮಾಡಿಕೊಂಡರು.

ಹೊರಡುವ ಮೊದಲು ಪಾಸ್‌ಪೋರ್ಟು, ವೀಸಾಗಳೊಂದಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವನ್ನು ಅಗತ್ಯವಾಗಿ ಪಡೆದಿರಬೇಕು. ಸರಕಾರದ ಮನ್ನಣೆ ಪಡೆದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ದೊರೆಯುತ್ತದೆ. ಹಾಕಿಸಿಕೊಂಡ ಹತ್ತು ದಿನಗಳ ಮೇಲೆ ಪತ್ರವು ಊರ್ಜಿತವಾಗುತ್ತದೆ. ೨೦೧೬ರಿಂದ ಅದಕ್ಕೆ ಜೀವನಪರ್ಯಂತ ಮಾನ್ಯತೆಯುಂಟು. ಪತ್ರವಿಲ್ಲದೆ ಹಿಂದಿರುಗಿದವರನ್ನು ನಮ್ಮ ದೇಶದ ವಿಮಾನ ನಿಲ್ದಾಣದಲ್ಲಿಯೇ ತಡೆದು, ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮನೆಯವರು ಹೂವು ಹಿಡಿದು ಹೊರಗೆ ಕಾದಿರುವಾಗ ಅಂತಹ ಸ್ಥಿತಿ ಯಾರಿಗೂ ಬೇಡ.

ಆಫ್ರಿಕವೆಂದರೆ ಬಿಸಿಲೆಂದು ತಿಳಿದು ತೆಳು ಬಟ್ಟೆಗಳನ್ನಷ್ಟೇ ಕಟ್ಟಿಕೊಳ್ಳಬಾರದು. ರಾಜಧಾನಿ ಅಡಿಸ್ ಅಬಾಬ ನಮ್ಮ ಊಟಿಗಿಂತಲೂ ಎತ್ತರದಲ್ಲಿದೆ. ಸುಮಾರು ೨,೩೫೦ ಮೀಟರು. ಸಂಜೆಗೆ ಸ್ವೆಟರು ಬೇಕು. ಮೊದಲ ದಿನ ದಿಣ್ಣೆ ಏರುವಾಗ ಏದುಸಿರು ಬರುವುದು ಸಹಜ. ಜೂನಿನಿಂದ ಸೆಪ್ಟೆಂಬರಿನವರೆಗೆ ಅಲ್ಲಿಯೂ ಮಳೆಗಾಲ. ಮಳೆ ನಿಂತೊಡನೆ ಬೆಟ್ಟದ ಇಳಿಜಾರುಗಳಲ್ಲಿ ಹಳದಿ ಹೂ ಹಾಸುವ ಕಾಲವೇ ಪ್ರವಾಸಕ್ಕೆ ಸೊಗಸು. ತಗ್ಗಿನ ಪ್ರದೇಶಗಳಲ್ಲಿ ಮಲೇರಿಯದ ಭಯವಿರುವುದರಿಂದ ವೈದ್ಯರ ಸಲಹೆ ಕೇಳಬೇಕು.

ಇನ್ನೊಂದು ಮಾತು. ಉತ್ತರದ ಟಿಗ್ರೆ ಪ್ರಾಂತದಲ್ಲಿ ೨೦೨೦ರಲ್ಲಿ ತೊಡಗಿದ ಘೋರ ಯುದ್ಧವು ೨೦೨೨ರ ನವೆಂಬರಿನ ಒಪ್ಪಂದದಿಂದ ನಿಂತಿತು. ಆದರೆ ೨೦೨೩ರಲ್ಲಿ ಅಮ್ಹಾರ ಪ್ರಾಂತದಲ್ಲಿ ಕಾಳಗ ಮೂಡಿತು. ಒಂದೇ ಬಂಡೆಯಿಂದ ಕಡೆದ ಲಾಲಿಬೆಲದ ಹನ್ನೊಂದು ದೇವಾಲಯಗಳು ಆ ಪ್ರಾಂತದಲ್ಲಿಯೇ ಇವೆ. ಎಲ್ಲೋರದ ಕೈಲಾಸವನ್ನು ಕಂಡವರಿಗೆ ಲಾಲಿಬೆಲವನ್ನು ನೋಡುವ ಆಸೆ ಹುಟ್ಟುವುದು ಸಹಜವೇ. ಆದರೂ ರಾಯಭಾರ ಕಚೇರಿಯ ಸೂಚನೆಯನ್ನು ತಿಳಿಯದೆ ಆ ದಿಕ್ಕಿಗೆ ಹೊರಡಬಾರದು.

ಶಾಕಾಹಾರಿ ಕುಟುಂಬಗಳಿಗೆ ಊಟದ ಚಿಂತೆ ದೊಡ್ಡದು. ಆದರೆ ಅಲ್ಲಿಯ ಸನಾತನ ಕ್ರೈಸ್ತರು ಬುಧವಾರ, ಶುಕ್ರವಾರಗಳಂದು ಹಾಗೂ ಈಸ್ಟರಿಗೆ ಮುಂಚಿನ ೫೫ ದಿನ ಮಾಂಸ, ಮೊಟ್ಟೆ, ಹಾಲು, ಬೆಣ್ಣೆಗಳನ್ನು ಮುಟ್ಟುವುದಿಲ್ಲ. ಈ ಉಪವಾಸದ ಊಟಕ್ಕೆ ‘ಯೆತ್ಸೋಮ್’ ಎನ್ನುತ್ತಾರೆ. ಈ ಒಂದು ಪದವನ್ನು ಕಲಿತವನು ಹಸಿದು ಮಲಗಬೇಕಾಗಿಲ್ಲ. ಟೆಫ್ ಎಂಬ ಸಣ್ಣ ಕಾಳಿನ ಹಿಟ್ಟನ್ನು ಹುಳಿ ಬರಿಸಿ ಹೊಯ್ದ, ನಮ್ಮ ದೋಸೆಯನ್ನು ನೆನಪಿಸುವ ‘ಇಂಜೆರ’. ಅದರ ಮೇಲೆ ಬೇಳೆ, ಸೊಪ್ಪು, ಕಡಲೆಹಿಟ್ಟಿನ ಗೊಜ್ಜು. ಕೆಲವರು ಉಪವಾಸಕ್ಕೆ ಮೀನು ಸಲ್ಲುತ್ತದೆಂದು ಎಣಿಸುವುದರಿಂದ ಅದೊಂದನ್ನು ಬೇಡವೆಂದು ಹೇಳಬೇಕು.

ಕಷ್ಟವಿರುವುದು ಅಡಿಗೆಯಲ್ಲಲ್ಲ, ಉಣ್ಣುವ ಬಗೆಯಲ್ಲಿ. ಮನೆಮಂದಿಯೆಲ್ಲ ಒಂದೇ ಹರಿವಾಣದ ಸುತ್ತ ಕುಳಿತು, ಬಲಗೈಯಿಂದ ತಮ್ಮ ತಮ್ಮ ಬದಿಯದನ್ನು ಮುರಿದು ತಿನ್ನುತ್ತಾರೆ. ಪ್ರೀತಿ ಹೆಚ್ಚಾದರೆ ಮನೆಯಾಕೆ ತುತ್ತು ಕಟ್ಟಿ ಅತಿಥಿಯ ಬಾಯಿಗೇ ಇಡುತ್ತಾಳೆ. ಇದಕ್ಕೆ ‘ಗುರ್ಶ’ ಎಂದು ಹೆಸರು. ಎಂಜಲು, ಮುಸುರೆಗಳ ನೇಮದಲ್ಲಿ ಬೆಳೆದವರು ಇಲ್ಲಿ ಹಿಂದೆಗೆಯುವರು. ಆದರೆ ಆ ತುತ್ತನ್ನು ನಿರಾಕರಿಸಿದರೆ ಮನೆಯಾಕೆಯ ಮುಖ ಬಾಡುತ್ತದೆ. ಬಾಲ್ಯದಲ್ಲಿ ಅಜ್ಜಿಯ ಕೈತುತ್ತು ಉಂಡದ್ದನ್ನು ನೆನೆದುಕೊಂಡರೆ ಬಾಯಿ ತಾನಾಗಿ ತೆರೆದೀತು. ಲಸಿಕೆಗಿಂತ ಮುಂಚಿತವಾಗಿ ಮಾಡಿಕೊಳ್ಳಬೇಕಾದ ಸಿದ್ಧತೆ ಇದು.

ಹೆಸರಿಡುವ ಕ್ರಮದಲ್ಲಿಯೂ ನಂಟು ಕಾಣುತ್ತದೆ. ಅಲ್ಲಿ ಮನೆತನದ ಹೆಸರಿಲ್ಲ. ಎರಡನೆಯದು ತಂದೆಯ ಹೆಸರು. ಆದುದರಿಂದ ಗಂಡಸರನ್ನು ‘ಅತೊ’, ಗೃಹಿಣಿಯರನ್ನು ‘ವೈಜೆರೊ’ ಎಂದು ಸೇರಿಸಿ ಅವರವರ ಹೆಸರಿನಿಂದಲೇ ಕರೆಯಬೇಕು. ಅವರ ಲಿಪಿಯಲ್ಲಿ ಪ್ರತಿ ವ್ಯಂಜನಕ್ಕೂ ಏಳು ರೂಪಗಳು. ಕಾಗುಣಿತ ಬಲ್ಲ ಕನ್ನಡದ ಮಕ್ಕಳಿಗೆ ಅದರ ಮರ್ಮ ಬೇಗ ಹೊಳೆಯುತ್ತದೆ. ೧೮೯೬ರಲ್ಲಿ ಅದ್ವದ ರಣಭೂಮಿಯಲ್ಲಿ ಇಟಲಿಯ ಸೇನೆಯನ್ನು ಸೋಲಿಸಿದ ಜನ ಅವರು. ಅವರನ್ನು ಕನಿಕರದಿಂದ ನೋಡುವ ಅಥವಾ ಅಪ್ಪಣೆಯಿಲ್ಲದೆ ಅವರ ಭಾವಚಿತ್ರ ತೆಗೆಯುವ ಪ್ರವಾಸಿಯನ್ನು ಅವರು ಮೆಚ್ಚುವುದಿಲ್ಲ.

ಕೊನೆಯದಾಗಿ ಕಾಫಿ. ನಮ್ಮ ಬಾಬಾಬುಡನ್‌ಗಿರಿಗೆ ಯೆಮನ್ನಿನ ಮೂಲಕ ಬಂತೆನ್ನುವ ಆ ಗಿಡದ ತವರು ಇಥಿಯೋಪಿಯದ ಕಾಡು. ಅಲ್ಲಿ ಕಾಫಿಯೆಂದರೆ ಎರಡು ನಿಮಿಷದ ಕೆಲಸವಲ್ಲ. ನೆಲಕ್ಕೆ ಹಸಿ ಹುಲ್ಲು ಹಾಸಿ, ಧೂಪ ಹಾಕಿ, ಬೀಜವನ್ನು ಅತಿಥಿಯ ಕಣ್ಣೆದುರೇ ಹುರಿದು ಕುಟ್ಟಿ, ಮಣ್ಣಿನ ಕೂಜದಲ್ಲಿ ಕುದಿಸುತ್ತಾರೆ. ಮೂರು ಸುತ್ತು ಬಡಿಸುತ್ತಾರೆ. ಮೂರನೆಯದಕ್ಕೆ ‘ಬರಕ’, ಅಂದರೆ ಆಶೀರ್ವಾದ, ಎಂದು ಹೆಸರು. ಅದನ್ನು ಕುಡಿಯದೆ ಏಳುವುದು ಶಿಷ್ಟಾಚಾರವಲ್ಲ. ಆ ದಿನ ಬೇರೆ ಕೆಲಸವನ್ನು ಇಟ್ಟುಕೊಳ್ಳದೆ, ಕೈಗಡಿಯಾರವನ್ನು ಬಿಚ್ಚಿ ಜೇಬಿನಲ್ಲಿ ಹಾಕಿಕೊಂಡು ಕುಳಿತುಕೊಳ್ಳುವುದು ಒಳ್ಳೆಯದು.